ಮುರುಟಿದ ಎಲೆಯ ಟಿಪ್ಪಣಿಗಳು

ಉಬ್ರಾಣಿ. ಅಡಿಕೆ ತೋಟದ ಪಕ್ಕದ ಟೊಮೆಟೊ ತಾಕು. ಗಿಡಗಳು ಗಿಡ್ಡ, ಎಲೆಯಂಚು ಮೇಲಕ್ಕೆ ಸುರುಟಿ ಹಳದಿ, ಹೂವಿದ್ದರೂ ಕಾಯಿ ಕಮ್ಮಿ. ಎಲೆಯಲ್ಲಿ ತೂತಿಲ್ಲ, ಕೊಳೆತಿಲ್ಲ. ಹುಳ ತಿಂದದ್ದಲ್ಲ ಇದು, ಎಲೆಯೇ ತಪ್ಪಾಗಿ ಬೆಳೆದಿದೆ. ತಪ್ಪಾಗಿ ಬೆಳೆ ಎಂದು ಅದಕ್ಕೆ ಹೇಳಿದವರು ಯಾರು?

"ಬಿಳಿ ನೊಣದ ಕಾಟ ಕಣ್ರೀ" ಅಂದರು ತೋಟದವರು. ನಿಜ, ಆದರೆ ನೊಣ ಬರೀ ಹೊತ್ತು ತರುತ್ತದೆ. ರಸ ಹೀರುವಾಗ ಅದು ಗಿಡದೊಳಗೆ ಬಿಡುವುದು ಬಿಗೊಮೊ ವೈರಸ್. ನಮ್ಮ ಕಡೆಯದೊಂದಕ್ಕೆ ಟೊಮೆಟೊ ಲೀಫ್ ಕರ್ಲ್ ಬೆಂಗಳೂರು ವೈರಸ್ ಎಂದೇ ಹೆಸರು. ರಾಜಧಾನಿಗೆ ಈ ಕೀರ್ತಿಯೊಂದು ಬಾಕಿ ಇತ್ತು!

ವೈರಸ್ಸಿನ ಡಿಎನ್ಎ ಒಂಟಿ ಎಳೆಯ ಉಂಗುರ, ಸುಮಾರು 2,700 ಬೇಸ್. ಟೊಮೆಟೊದ್ದು ಸುಮಾರು 90 ಕೋಟಿ. ಬೆರಳೆಣಿಕೆಯ ಜೀನು ಇಟ್ಟುಕೊಂಡು ಇಷ್ಟು ದೊಡ್ಡ ಮನೆಯಲ್ಲಿ ಯಜಮಾನಿಕೆ ನಡೆಸುವುದು ಹೇಗೆ?

ತನ್ನ ಡಿಎನ್ಎ ನಕಲು ಮಾಡುವ ಕಿಣ್ವ ಕೂಡ ಅದರ ಬಳಿ ಇಲ್ಲ. ಬೆಳೆದು ನಿಂತ ಕೋಶದಲ್ಲಿ ಆ ಕಿಣ್ವದ ಜೀನುಗಳು ಮಲಗಿರುತ್ತವೆ. ಮಲಗಿಸಿಟ್ಟಿರುವುದು ಗಿಡದ್ದೇ ಒಂದು ಪ್ರೋಟೀನು. ವೈರಸ್ಸಿನ 'ರೆಪ್' ಎಂಬ ಪ್ರೋಟೀನು ಅದನ್ನು ಹಿಡಿದುಕೊಳ್ಳುತ್ತದೆ. ಕಾವಲು ತಪ್ಪಿತು, ಜೀನುಗಳು ಎದ್ದವು, ಕೋಶ ವೈರಸ್ಸಿಗಾಗಿ ದುಡಿಯತೊಡಗಿತು.

ಗಿಡ ಸುಮ್ಮನಿರುವುದಿಲ್ಲ. ವೈರಸ್ಸಿನ ಡಿಎನ್ಎ ಗಿಡದ ಹಿಸ್ಟೋನ್ ಎಂಬ ಪ್ರೋಟೀನುಗಳಿಗೇ ಸುತ್ತಿಕೊಂಡಿರುತ್ತದೆ. ಗಿಡ ಅದರ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತು ಒತ್ತಿ ಬಾಯಿ ಮುಚ್ಚಿಸಲು ನೋಡುತ್ತದೆ. ವೈರಸ್ಸಿನ ಸಿ2 ಪ್ರೋಟೀನು ಗಿಡದ ಅಡಿನೋಸಿನ್ ಕೈನೇಸ್ ಕಿಣ್ವವನ್ನು ತಡೆದು ಆ ಮೀಥೈಲಿನ ಸರಬರಾಜಿಗೇ ಕಲ್ಲು ಹಾಕುತ್ತದೆ. ಪರಿಣಾಮ ವೈರಸ್ಸಿನ ಡಿಎನ್ಎಗಷ್ಟೇ ನಿಲ್ಲದು, ಗಿಡದ ಸ್ವಂತ ಜೀನುಗಳ ಮೇಲಿನ ಗುರುತುಗಳೂ ಅಳಿಯಬಲ್ಲವು. ಇದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ.

ಇನ್ನು ಮುರುಟು. ವೈರಸ್ಸಿನ ಸಿ4 ಜೀನೊಂದನ್ನೇ ಗಿಡಕ್ಕೆ ಸೇರಿಸಿದ ಪ್ರಯೋಗಗಳಿವೆ. ಆಗಲೂ ಎಲೆ ವಿಕಾರವಾಗಿದೆ. ಅಂದರೆ ರೋಗದ ಆಕಾರವನ್ನು ಕೊರೆಯಲು ಒಂದು ಜೀನು ಸಾಕು. ಮುರುಟಿದ್ದರಿಂದ ವೈರಸ್ಸಿಗೇನು ಲಾಭ? ನೊಣವನ್ನು ಕರೆಯಲೆಂದೇ? ಅಥವಾ ಕೋಶವನ್ನು ಎಬ್ಬಿಸುವ ಗಲಾಟೆಯಲ್ಲಿ ಎಲೆ ಸುಮ್ಮನೆ ಕೆಟ್ಟಿತೇ?

ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಈ ರೋಗ ತಡೆದುಕೊಳ್ಳುವ ನಂದಿ, ಸಂಕ್ರಾಂತಿ, ವೈಭವ್ ತಳಿಗಳನ್ನು ಕೊಟ್ಟಿದೆ. ಮುರುಟಿದ ಗಿಡವನ್ನು ನೆಟ್ಟಗೆ ಮಾಡುವ ಔಷಧಿ ಮಾತ್ರ ಇಲ್ಲ. ನೊಣ ಬಾರದಂತೆ ಸಸಿಮಡಿಗೆ ನೈಲಾನ್ ಪರದೆ ಕಟ್ಟಿ. ಮೊದಲು ಮುರುಟಿದ ಗಿಡವನ್ನು ಆಸೆ ಬಿಟ್ಟು ಕಿತ್ತುಹಾಕಿ.