ಕಾರಣ ಬರೆಯುವ ಜಾಗ

ಎರಡು ಸರಳರೇಖೆಗಳು ಒಂದನ್ನೊಂದು ಛೇದಿಸಿದರೆ ಎದುರುಬದುರಿನ ಕೋನಗಳು ಸಮ. ಒಂಬತ್ತನೇ ತರಗತಿಯ ಪುಸ್ತಕ ಇವನ್ನು 'ಶೃಂಗಾಭಿಮುಖ ಕೋನಗಳು' ಎನ್ನುತ್ತದೆ. ಹೆಸರು ಹೇಳುವಷ್ಟರಲ್ಲೇ ಅರ್ಧ ಮಕ್ಕಳು ಸುಸ್ತಾಗುತ್ತಾರೆ. ನಿಪ್ಪಾಣಿ, ಕಾಗವಾಡದ ಕಡೆ ಈ ಸುಸ್ತಿಗೆ ಇನ್ನೊಂದು ಕಾರಣವೂ ಉಂಟು: ಏಳನೇ ತರಗತಿಯ ತನಕ ಮರಾಠಿಯಲ್ಲಿ ಓದಿ ಎಂಟಕ್ಕೆ ಕನ್ನಡ ಶಾಲೆ ಸೇರುವ ಮಕ್ಕಳು ಅಲ್ಲಿದ್ದಾರೆ.

ಗಡಿಭಾಗದ ಶಾಲೆಗಳಲ್ಲಿ ಗಣಿತದ ಭಾಷೆ ಹೇಗಿರುತ್ತದೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಎರಡು ವರ್ಷಗಳಿಂದ ಚಿಕ್ಕೋಡಿ, ರಾಯಬಾಗ, ಅಥಣಿಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತ ಮಕ್ಕಳ ನೋಟ್‌ಬುಕ್ ಓದುತ್ತಿದ್ದೇನೆ. ನಮ್ಮ 'ದತ್ತ' ಮರಾಠಿಯಲ್ಲಿ 'ಪಕ್ಷ'. 'ಸಾಧನೀಯ' ಅಲ್ಲಿ 'ಸಾಧ್ಯ', 'ಸಾಧನೆ' ಅಲ್ಲಿ 'ಸಿದ್ಧತಾ'. ಕನ್ನಡದ ಕಿವಿಗೆ ಸಾಧ್ಯವೆಂದರೆ ಆಗಬಹುದಾದದ್ದು, ಪಕ್ಷವೆಂದರೆ ಚುನಾವಣೆ! ನಮ್ಮ 'ಸರ್ವಸಮ' ಅವರ 'ಏಕರೂಪ'. 'ಸಮರೂಪ' ಮಾತ್ರ ಎರಡೂ ಕಡೆ ಒಂದೇ: ಆಕಾರ ಅದೇ, ಅಳತೆ ಬೇರೆಯಾಗಿರಬಹುದು. ಈ ಮೂರು ಪದಗಳಲ್ಲಿ ಯಾವ ಎರಡಕ್ಕೆ ಒಂದೇ ಅರ್ಥ ಎಂದು ತಿಳಿಯುವುದೇ ಆ ಮಕ್ಕಳ ಮೊದಲ ಪ್ರಮೇಯ.

ಈ ಸೀಮೆಗೆ ರೇಖೆ, ಕ್ಷೇತ್ರಗಳ ಗಣಿತ ಹೊಸದಲ್ಲ. 12ನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲಿ ಬರೆದ. ಅವನ ಊರು ಪೂವಿನಬಾಗೆ. ಅದು ಇಂದಿನ ರಾಯಬಾಗವೆಂದು ವಿದ್ವಾಂಸರು ಗುರುತಿಸುತ್ತಾರೆ. ಆದರೆ ಸಾಧನೆ ಬರೆಯುವ ಈಗಿನ ಕ್ರಮ ಬಂದದ್ದು ಯೂಕ್ಲಿಡ್‌ನ ದಾರಿಯಿಂದ. ಶೃಂಗಾಭಿಮುಖ ಕೋನಗಳ ಪ್ರಮೇಯ ಅವನ 'ಎಲಿಮೆಂಟ್ಸ್'ನ ಮೊದಲ ಸಂಪುಟದಲ್ಲಿ 15ನೆಯದು. ಇದನ್ನು ಮೊದಲು ಕಂಡವನು ಥೇಲ್ಸ್, ಆದರೆ ಸಾಧಿಸಿ ತೋರಿಸಬೇಕು ಎಂದುಕೊಂಡವನು ಯೂಕ್ಲಿಡ್ ಎಂದು 5ನೆಯ ಶತಮಾನದ ಪ್ರೊಕ್ಲಸ್ ಬರೆದಿದ್ದಾನೆ.

ಕಂಡ ಮೇಲೆ ಸಾಧಿಸುವುದೇಕೆ? ನಿಪ್ಪಾಣಿಯ ಒಬ್ಬ ಹುಡುಗಿ ಕೇಳಿದ್ದೂ ಇದನ್ನೇ. ಅವಳ ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. "ಎರಡೂ ಒಂದ ಕಾಣತಾವಲ್ರಿ ಅಕ್ಕಾರ, ಮತ್ಯಾಕ ಇಷ್ಟ ಬರೀಬೇಕು?" ಎಂದು ಕೋನಮಾಪಕ ಇಟ್ಟು ತೋರಿಸಿದಳು. ಎರಡೂ 50 ಡಿಗ್ರಿ.

"ಇದು ಈ ಚಿತ್ರದ ಮಾತಾತು. ನಾನು ಬ್ಯಾರೆ ಗೆರಿ ಎಳದ್ರ?" ಎಂದೆ. ಇನ್ನೊಂದು ಚಿತ್ರ ಬರೆದು ಕೋನಮಾಪಕ ತೆಗೆದಿಟ್ಟೆವು. ಮೊದಲ ಕೋನವೂ ಅದರ ಪಕ್ಕದ ಕೋನವೂ ಒಂದು ಸರಳರೇಖೆಯ ಮೇಲಿವೆ, ಕೂಡಿದರೆ 180. ಎದುರಿನ ಕೋನವೂ ಅದೇ ಪಕ್ಕದ ಕೋನವೂ ಇನ್ನೊಂದು ಸರಳರೇಖೆಯ ಮೇಲಿವೆ, ಕೂಡಿದರೆ 180. ಎರಡರಲ್ಲೂ ಇರುವ ಪಕ್ಕದ ಕೋನವನ್ನು ಕಳೆದರೆ ಉಳಿದವು ಸಮ. ಎಷ್ಟು ಡಿಗ್ರಿ ಎಂದು ಯಾರೂ ಕೇಳಲಿಲ್ಲ. ಪ್ರತಿ ಸಾಲಿನ ಬಲಕ್ಕೆ ಕಾರಣ: ಸರಳಯುಗ್ಮ, ಸರಳಯುಗ್ಮ, ಸಮವಾದವುಗಳಿಂದ ಸಮವಾದದ್ದನ್ನು ಕಳೆದದ್ದು.

ಅವಳು ಆ ಬಲಗಡೆಯನ್ನೇ ನೋಡುತ್ತಿದ್ದಳು. "ಸಂಜಿಗೆ ಆಯಿ ಬೀಡಿ ಕೊಡಾಕ ಹೋದ್ರ ಕೈಗೆ ಬಂದಷ್ಟ ತಗದ ಒಗೀತಾರ್ರಿ. ಛಾಟ ಅಂತಾರ. ಯಾಕ ಅಂದ್ರ ಹೇಳೂದಿಲ್ಲ. ಇಲ್ಲಿ ಎಲ್ಲಾರೂ ಯಾಕ ಅಂತ ಬರೀಬೇಕೇನ್ರಿ?"

"ಹೂಂನವಾ, ಎಲ್ಲಾರೂ."

"ಸರ್ ಬರದ್ರೂ?"

"ಸರ್ ಬರದ್ರೂ."

ಬೀಡಿ ಕೂಲಿ ಸಾವಿರದ ಲೆಕ್ಕ. ಛಾಟ ಎಂದು ಪಕ್ಕಕ್ಕೆ ಹೋದದ್ದು ಎಣಿಕೆಗಿಲ್ಲ. ಪ್ರಮೇಯ ಕಲಿತರೆ ಆ ಕೂಲಿ ಹೆಚ್ಚುವುದಿಲ್ಲ. ಆದರೆ ದೊಡ್ಡವರು ಹೇಳಿದರೆಂದು ಒಂದು ಮಾತು ನಿಜವಾಗಲಾರದ ಜಾಗವೂ ಇದೆ ಎಂಬುದು ಅವಳಿಗೆ ಗೊತ್ತಾಯಿತು. ನಾನು ಪ್ರಬಂಧದಲ್ಲಿ 'ತಾರ್ಕಿಕ ಸಾಮರ್ಥ್ಯ' ಎಂದು ಬರೆಯುತ್ತ ಬಂದಿರುವುದು ಇದನ್ನೇ ಇರಬೇಕು.

ಮರುವಾರ ಅವಳ ನೋಟ್‌ಬುಕ್ಕಿನಲ್ಲಿ ಸಾಧನೆ ಪೂರ್ತಿಯಾಗಿತ್ತು. ದತ್ತದ ಬದಲು 'ಪಕ್ಷ' ಎಂದಿತ್ತು, ಕೊನೆಯಲ್ಲಿ 'ಏಕರೂಪ'. ಬಲಗಡೆ ಮಾತ್ರ ಎಲ್ಲೂ ತಡವರಿಸಿರಲಿಲ್ಲ. ಅಲ್ಲಿ ಅವಳು ಬರೆಯಬೇಕಿದ್ದ 'ಕಾರಣ' ಎಂಬ ಪದ ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ.