ಘಾನಾ ದೇಶದಲ್ಲಿ ಕಂಡ ಒಂದು ಪಾಠಶಾಲೆ

2024ನೆಯ ಇಸವಿಯ ಜನವರಿ ತಿಂಗಳಿನಲ್ಲಿ ಪಶ್ಚಿಮ ಆಫ್ರಿಕದ ಘಾನಾ ದೇಶಕ್ಕೆ ಹೋಗುವ ಪ್ರಸಂಗವು ನನಗೆ ಒದಗಿತು. ಅಲ್ಲಿಯ ರಾಜಧಾನಿಯಾದ ಅಕ್ರಾ ನಗರದಲ್ಲಿ ನನ್ನ ಮಗನು ಒಂದು ವರ್ತಕ ಸಂಸ್ಥೆಯ ಲೆಕ್ಕಪತ್ರಗಳನ್ನು ನೋಡಿಕೊಂಡಿರುವನು. ಉಪಾಧ್ಯಾಯ ವೃತ್ತಿಯಿಂದ ಬಿಡುಗಡೆ ಹೊಂದಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಬಲವಂತ ಮಾಡಿ ಕರೆಯಿಸಿಕೊಂಡನು. ಮೂವತ್ತು ವರ್ಷ ಅಮರಕೋಶವನ್ನು ಬಾಯಿಪಾಠ ಮಾಡಿಸಿದವನಿಗೆ ಗಿನಿ ಕೊಲ್ಲಿಯ ತೀರದಲ್ಲೇನು ಕೆಲಸವೆಂದು ವಾಚಕರು ನಗಬಹುದು. ನನ್ನ ಪತ್ನಿಯೂ ನಕ್ಕಳು.

ಆ ಕಾಲದಲ್ಲಿ ಅಲ್ಲಿ ಹರ್ಮಟ್ಟಾನ್ ಎಂಬ ಒಣಗಾಳಿಯು ಸಹರಾ ಮರುಭೂಮಿಯ ನುಣ್ಣನೆಯ ಧೂಳನ್ನು ಹೊತ್ತು ತರುವುದು. ಸೂರ್ಯನು ನಡುಹಗಲಿನಲ್ಲಿಯೂ ಮಂಕಾದ ಚಂದ್ರನಂತೆ ತೋರುವನು. ತುಟಿ ಒಡೆದು, ಗಂಟಲು ಕಟ್ಟಿ, ಬೀದಿಯ ತೆರೆದ ಚರಂಡಿಗಳನ್ನೂ ಸಂತೆಯ ಒಣಮೀನಿನ ವಾಸನೆಯನ್ನೂ ತಾಳಲಾರದೆ, ಮೊದಲ ವಾರದಲ್ಲಿಯೇ ಊರಿನಲ್ಲಿರುವ ನನ್ನ ಅಕ್ಕನಿಗೆ ನಾಲ್ಕು ಪುಟಗಳ ಒಂದು ಕಾಗದವನ್ನು ಬರೆದು ಅಂಚೆಗೆ ಹಾಕಿಸಿದೆನು. ಅದರಲ್ಲಿ ಆ ದೇಶವನ್ನೂ ಜನರನ್ನೂ ಕುರಿತು ಒಂದಾದರೂ ಒಳ್ಳೆಯ ಮಾತಿರಲಿಲ್ಲ.

ಫೆಬ್ರವರಿ ತಿಂಗಳಿನಲ್ಲಿ ಮಗನು ನನ್ನನ್ನು ಅಕ್ರಾದ ಉತ್ತರಕ್ಕಿರುವ ಆಕ್ವಾಪೆಮ್ ಬೆಟ್ಟಗಳಿಗೆ ಕರೆದುಕೊಂಡು ಹೋದನು. ದಾರಿಯಲ್ಲಿ ಅಬುರಿ ಎಂಬಲ್ಲಿ 1890ರಲ್ಲಿ ಸ್ಥಾಪಿತವಾದ ಸಸ್ಯೋದ್ಯಾನವಿದೆ. ಅದೇ ಬೆಟ್ಟಸಾಲಿನ ಮಾಂಪಾಂಗ್ ಎಂಬ ಊರಿನಲ್ಲಿ, ಟೆಟೆ ಕ್ವಾರ್ಶಿ ಎಂಬ ಕಮ್ಮಾರನು ಹತ್ತೊಂಬತ್ತನೆಯ ಶತಮಾನದಲ್ಲಿ ಫರ್ನಾಂಡೊ ಪೋ ದ್ವೀಪದಿಂದ ಕೋಕೋ ಬೀಜಗಳನ್ನು ತಂದು ನೆಟ್ಟನು. ಇಂದು ಆ ದೇಶದ ಮುಖ್ಯ ಬೆಳೆಗಳಲ್ಲಿ ಕೋಕೋ ಒಂದು. ಸಮುದ್ರವನ್ನು ದಾಟಿದವನು ಏನನ್ನಾದರೂ ತರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಆ ಬೆಟ್ಟದ ಒಂದು ಹಳ್ಳಿಯ ಪಾಠಶಾಲೆಯಲ್ಲಿ ಅಮೆರಿಕದ ತರುಣನೊಬ್ಬನು ಗಣಿತವನ್ನು ಕಲಿಸುತ್ತಿರುವನೆಂದು ಮಗನು ಮೊದಲೇ ತಿಳಿಸಿದ್ದನು. ಅವನು ಪೀಸ್ ಕೋರ್ ಎಂಬ ಸಂಸ್ಥೆಗೆ ಸೇರಿದವನು, ನಾವು ಶಾಂತಿದಳವೆನ್ನೋಣ. 1961ನೆಯ ಮಾರ್ಚ್ ತಿಂಗಳಿನಲ್ಲಿ ಅಧ್ಯಕ್ಷ ಕೆನಡಿಯವರು ಸ್ಥಾಪಿಸಿದ ಈ ದಳದ ಪ್ರಥಮ ತಂಡವು ಬಂದಿಳಿದುದು ಘಾನಾ ದೇಶದಲ್ಲಿಯೇ. ಆ ವರ್ಷದ ಆಗಸ್ಟ್ 30ರಂದು 51 ಮಂದಿ ಉಪಾಧ್ಯಾಯರು ಅಕ್ರಾದಲ್ಲಿ ವಿಮಾನದಿಂದಿಳಿದು, ಟ್ವಿ ಭಾಷೆಯ ಹಾಡೊಂದನ್ನು ಹಾಡಿದರಂತೆ. ನಮ್ಮ ದೇಶದಲ್ಲಿಯೂ ಇವರು 1961ರಿಂದ 1976ರವರೆಗೆ ಇದ್ದರು. ನಮ್ಮ ಮೈಸೂರು ಸಂಸ್ಥಾನದ ಹಳ್ಳಿಗಳಿಗೂ ಬಂದಿದ್ದರು. ಕೋಳಿ ಸಾಕುವುದನ್ನು ಹೇಳಿಕೊಡುತ್ತಿದ್ದ ಬಿಳಿಯನೊಬ್ಬನು ಕನ್ನಡವನ್ನಾಡುವುದನ್ನು ಕೇಳಲೆಂದು ಬಾಲ್ಯದಲ್ಲಿ ಅವನ ಸೈಕಲ್ಲಿನ ಹಿಂದೆ ಓಡಿದ ನೆನಪು ನನಗಿದೆ.

ಪಾಠಶಾಲೆಯ ಅಂಗಳವನ್ನು ಹೊಕ್ಕೊಡನೆ ಮಕ್ಕಳು ‘ಓಬ್ರೋನಿ! ಓಬ್ರೋನಿ!’ ಎಂದು ಕೂಗಿದರು. ಪರದೇಶದವನೆಂದರ್ಥ. ಬಣ್ಣದಲ್ಲಿ ಅವರಿಗೇ ಸಮೀಪನಾದ ನನಗೂ ಆ ಬಿರುದು ದೊರೆತುದು ಸೋಜಿಗವೇ ಸರಿ. ಮುಖ್ಯೋಪಾಧ್ಯಾಯರು, ನಾನೂ ಅದೇ ವೃತ್ತಿಯವನೆಂದು ತಿಳಿದೊಡನೆ, ಆ ತರುಣನ ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ನನ್ನನ್ನು ಕುಳ್ಳಿರಿಸಿದರು.

ಅಂದಿನ ಪಾಠವು ಭಿನ್ನರಾಶಿ. ಐವತ್ತು ಮಕ್ಕಳಿದ್ದರು. ತರುಣನಿಗೆ ಇಪ್ಪತ್ತಮೂರು ವಯಸ್ಸು. ಅಂಗಿಯು ಬೆವರಿನಿಂದ ತೊಯ್ದಿತ್ತು. ಕಪ್ಪುಹಲಗೆಯ ಮೇಲೆ ಚೆನ್ನಾಗಿ ಬರೆದು, ಬೇಗಬೇಗನೆ ಅಳಿಸಿ, ‘ತಿಳಿಯಿತೆ?’ ಎಂದು ಕೇಳಿದನು. ಐವತ್ತು ಕಂಠಗಳೂ ಒಂದಾಗಿ ‘ಯೆಸ್ ಸರ್’ ಎಂದವು. ಆ ‘ಯೆಸ್ ಸರ್’ ಎಂತಹುದೆಂಬುದನ್ನು ನಾನು ಮೂವತ್ತು ವರ್ಷಗಳಿಂದ ಬಲ್ಲೆನು! ತರುಣನಿಗೂ ಅದು ತಿಳಿದಿದ್ದಿತು. ಅವನು ನಾಚದೆ ಪಕ್ಕದ ತರಗತಿಗೆ ಹೋಗಿ, ಆ ಊರಿನವರೇ ಆದ ಉಪಾಧ್ಯಾಯಿನಿಯೊಬ್ಬರನ್ನು ಕರೆತಂದನು. ಆಕೆಯು ಒಂದು ಕಿತ್ತಳೆಯನ್ನು ಹೋಳು ಮಾಡಿ, ಮನೆಯಲ್ಲಿ ಅಜ್ಜಿಗೆಷ್ಟು, ತಮ್ಮನಿಗೆಷ್ಟು ಎಂದು ಟ್ವಿ ಭಾಷೆಯಲ್ಲಿ ಕೇಳತೊಡಗಿದಳು. ಮಕ್ಕಳು ಜಗಳವಾಡುತ್ತ ಉತ್ತರ ಹೇಳಿದರು. ತರುಣನು ನನ್ನ ಪಕ್ಕದಲ್ಲಿ ಬಂದು ಕುಳಿತು, ಆಕೆಯ ಮಾತುಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಗುರುತು ಹಾಕಿಕೊಂಡನು. ನನ್ನ ಅಧೀನದಲ್ಲಿದ್ದ ಎಷ್ಟು ಮಂದಿ ಉಪಾಧ್ಯಾಯರು ಹೀಗೆ ಮಾಡುತ್ತಿದ್ದರು? ನಾನೇ ಮಾಡುತ್ತಿದ್ದೆನೆ?

ಮಧ್ಯಾಹ್ನ ಅವನು ವಾಸವಾಗಿದ್ದ ಮನೆಯಲ್ಲಿಯೇ ನಮಗೆ ಊಟ. ಅಲ್ಲಿಯ ಫುಫು ಎಂಬುದು, ಮರಗೆಣಸನ್ನೂ ಬಾಳೆಕಾಯಿಯನ್ನೂ ಬೇಯಿಸಿ ಒನಕೆಯಿಂದ ಕುಟ್ಟಿ ಮಾಡಿದ ಮುದ್ದೆ. ನಮ್ಮ ರಾಗಿಮುದ್ದೆಯಂತೆ ಅದನ್ನೂ ಅಗಿಯದೆ ನುಂಗಬೇಕು. ಸಾರಿನಲ್ಲಿ ಮೀನಿದ್ದುದರಿಂದ ನನಗೆ ಬೇಯಿಸಿದ ಅಲಸಂದೆಯೂ ಕರಿದ ಬಾಳೆಯೂ ದೊರೆತವು. ಎಡಗೈಯಿಂದ ಕೊಡುವುದೂ ಕೊಳ್ಳುವುದೂ ಅಲ್ಲಿಯೂ ನಿಷಿದ್ಧ. ಹುಟ್ಟಿದ ವಾರವನ್ನು ಹಿಡಿದು ಮಗುವಿಗೆ ಹೆಸರಿಡುವರು. ಶನಿವಾರ ಹುಟ್ಟಿದವನು ಕ್ವಾಮೆ, ಶುಕ್ರವಾರದವನು ಕೋಫಿ. ಆ ಮನೆಯ ಗೃಹಿಣಿಯು ತರುಣನಿಗೂ ಕೋಫಿಯೆಂದೇ ಹೆಸರಿಟ್ಟಿದ್ದಳು. ‘ಉಪಕಾರ ಮಾಡಲು ಬಂದೆನೆಂದುಕೊಂಡಿದ್ದೆ. ಮೊದಲ ಆರು ತಿಂಗಳು ಇವರೇ ನನ್ನನ್ನು ಸಾಕಿದರು. ಬಟ್ಟೆ ಒಗೆಯುವುದನ್ನು ಈ ಚಿಕ್ಕ ಹುಡುಗಿಯಿಂದ ಕಲಿತೆ’ ಎಂದು ಅವನು ಹೇಳಿದನು. ಆ ಹುಡುಗಿಯು ಬಾಗಿಲ ಹಿಂದೆ ನಿಂತು ನಕ್ಕಳು.

ಮುಖ್ಯೋಪಾಧ್ಯಾಯರು ಮಾತ್ರ ನಗಲಿಲ್ಲ. ಇವರ ಅವಧಿಯು ಶಿಕ್ಷಣದ ಕಾಲವೂ ಸೇರಿ 27 ತಿಂಗಳು. ‘ಮಕ್ಕಳ ಭಾಷೆ ಇವರ ನಾಲಗೆಗೆ ಹತ್ತುವ ಹೊತ್ತಿಗೆ ಹೊರಡುವ ದಿನ ಬರುತ್ತದೆ. ಆಮೇಲೆ ಗಣಿತಕ್ಕೆ ಯಾರು?’ ಎಂದು ತರುಣನ ಎದುರಿನಲ್ಲಿಯೇ ಕೇಳಿದರು. ತಿಥಿಯಿಲ್ಲದೆ ಬರುವವನು ಅತಿಥಿಯೆಂದು ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದೆನು. ಈ ಅತಿಥಿಗೆ ಹೊರಡುವ ತಿಥಿಯು ಮೊದಲೇ ಗೊತ್ತು. ಎಲ್ಲ ತೊಡಕೂ ಅಲ್ಲಿಯೇ ಇದೆ. ತರುಣನು ಉತ್ತರವನ್ನು ಹೇಳಲಿಲ್ಲ. ಹೇಳಲು ಏನಿದ್ದಿತು?

ಸಂಜೆ ಹೊರಡುವಾಗ ಅವನು 1961ರ ಅಕ್ಟೋಬರಿನಲ್ಲಿ ನೈಜೀರಿಯದ ಇಬಾದಾನ್ ನಗರದಲ್ಲಿ ನಡೆದ ಒಂದು ಸಂಗತಿಯನ್ನು ತಿಳಿಸಿದನು. ಅಲ್ಲಿಯ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಶಿಕ್ಷಣ ಪಡೆಯುತ್ತಿದ್ದ ಶಾಂತಿದಳದ ತರುಣಿಯೊಬ್ಬಳು, ಬಂದ ಕೆಲವೇ ವಾರಗಳಲ್ಲಿ, ಊರಿನ ಹೊಲಸನ್ನೂ ಜನರು ಬೀದಿಯಲ್ಲಿ ಅಡಿಗೆ ಮಾಡುವುದನ್ನೂ ವರ್ಣಿಸಿ ಗೆಳೆಯನಿಗೆ ಒಂದು ಕಾರ್ಡು ಬರೆದಳು. ಅದು ಅಂಚೆಯನ್ನು ಸೇರುವ ಮೊದಲೇ ಕೈತಪ್ಪಿ ಬಿದ್ದಿತು. ಸಿಕ್ಕಿದ ವಿದ್ಯಾರ್ಥಿಗಳು ಅದರ ಪ್ರತಿಗಳನ್ನು ಹಂಚಿದರು, ದೊಡ್ಡ ಪ್ರತಿಭಟನೆಯಾಯಿತು. ಅವಳು ಕ್ಷಮೆ ಬೇಡಿ ದೇಶವನ್ನು ಬಿಡಬೇಕಾಯಿತು. ಅವಳು ಸುಳ್ಳು ಬರೆದಿದ್ದಳೆಂದಲ್ಲ. ಬರೆದುದನ್ನು ಆ ಊರಿನವರು ಓದುವರೆಂದು ಅವಳು ಎಣಿಸಿರಲಿಲ್ಲ, ಅಷ್ಟೆ.

ಬೆಟ್ಟವನ್ನಿಳಿಯುವಾಗ ನಾನು ಮಗನೊಡನೆ ಮಾತನಾಡಲಿಲ್ಲ. ನಾಲ್ಕು ಪುಟಗಳು! ಅವನ್ನು ಆ ಗೃಹಿಣಿಯ ಮುಂದೆ ಓದಬಲ್ಲೆನೆ ಎಂದು ಒಂದೊಂದು ವಾಕ್ಯವನ್ನೂ ನೆನೆದು ನೋಡಿದೆನು. ಎರಡು ವಾಕ್ಯಗಳು ಮಾತ್ರ ಉಳಿದವು; ಎರಡೂ ಗಾಳಿಯ ವಿಷಯ.

ಮಾರ್ಚ್ ತಿಂಗಳಿನಲ್ಲಿ ನಾನು ಊರಿಗೆ ಹಿಂದಿರುಗಿದ ಐದನೆಯ ದಿನ ಅಂಚೆಯವನು ಅದೇ ಲಕೋಟೆಯನ್ನು ತಂದನು. ಅಕ್ಕನು ಹಿತ್ತಿಲಲ್ಲಿದ್ದಳು. ನಾನೇ ಜಗಲಿಯಲ್ಲಿ ಅದನ್ನು ತೆಗೆದುಕೊಂಡು, ಒಡೆಯದೆ, ನನ್ನ ಪೆಟ್ಟಿಗೆಯ ಅಡಿಯಲ್ಲಿಟ್ಟೆನು. ಅಕ್ಕನು ಕೈ ಒರೆಸಿಕೊಳ್ಳುತ್ತ ಬಂದು, ‘ಕಾಗದ ಯಾರದು?’ ಎಂದಳು. ‘ನನ್ನದೇ’ ಎಂದೆನು. ಆಮೇಲೆ ಅವಳಿಗೆ ಫುಫು ಮಾಡುವ ಕ್ರಮವನ್ನು ವಿವರಿಸಿದೆನು.