ನೀವು ತಿನ್ನೋ ಹಾಗೇ ಕೊಡಿ

ಗ್ರಾಹಕ ಕಂಪನಿಯ ಸಭೆಗೆಂದು ಜಮೈಕಾದ ನೆಗ್ರಿಲ್‌ಗೆ ಹೋಗಿದ್ದೆ. ಕಡಲಂಚಿನ ಹೋಟೆಲಿನ ಬೆಳಗಿನ ಬಫೆಯಲ್ಲಿ ಬೇಕನ್, ಪ್ಯಾನ್‌ಕೇಕ್, ಆಮ್ಲೆಟ್. ಅಮೆರಿಕದವರಿಗೆ ಊರು ಬಿಟ್ಟು ಬಂದೆವೆನಿಸಬಾರದು ನೋಡಿ! ಜಮೈಕಾದ ರಾಷ್ಟ್ರೀಯ ಖಾದ್ಯ, ಅಕೀ ಮತ್ತು ಉಪ್ಪುಮೀನು, ಮೂಲೆಯ ಪುಟ್ಟ ಪಾತ್ರೆಯಲ್ಲಿತ್ತು. ನೋಡಲು ಥೇಟ್ ಮೊಟ್ಟೆ ಬುರ್ಜಿ. ಆದರೆ ಅಕೀ ಒಂದು ಹಣ್ಣು. ಮರದಲ್ಲೇ ತಾನಾಗಿ ಬಿರಿಯಬೇಕು, ಮೊದಲೇ ಕಿತ್ತರೆ ವಿಷ.

ಮಧ್ಯಾಹ್ನ ಜರ್ಕ್ ಚಿಕನ್ ಕೇಳಿದರೆ ಸಿಹಿ ಸಾಸ್ ಬಳಿದ ಕೋಳಿ ಬಂತು. ಸ್ಕಾಚ್ ಬಾನೆಟ್ ಮೆಣಸಿನಕಾಯಿಯ ಸುಳಿವೇ ಇಲ್ಲ. ಬಡಿಸುವಾಕೆಗೆ, ‘ನೀವು ತಿನ್ನೋ ಹಾಗೇ ಕೊಡಿ’ ಅಂದೆ. ನನ್ನ ಮುಖ ನೋಡಿ ನಕ್ಕು, ಸಿಬ್ಬಂದಿಗೆ ಮಾಡಿದ್ದ ಆಡಿನ ಕರಿ ತಂದಿಟ್ಟರು. 1845ರಿಂದ ಹಡಗೇರಿ ಬಂದ ಭಾರತದ ಕೂಲಿಗಳಿಂದ ಆ ದ್ವೀಪಕ್ಕೆ ಸಿಕ್ಕ ಅಡುಗೆ. ಅರಿಶಿನ ನಮ್ಮದು, ಥೈಮ್ ಸೊಪ್ಪು ಅಲ್ಲಿಯದು. ಮೂಗಲ್ಲಿ ನೀರಿಳಿಯಿತು.

ಸಪ್ಪೆ ಕೋಳಿಯನ್ನು ಹಳಿಯಲು ಮನಸ್ಸಾಗಲಿಲ್ಲ. ಮುಂಬೈಯ ನಮ್ಮ ಉಡುಪಿ ಹೋಟೆಲುಗಳೂ ಪಾವ್ ಭಾಜಿ, ಪನೀರ್, ಶೆಜ್ವಾನ್ ದೋಸೆ ಮಾರಿಯೇ ಬದುಕಿದವು. ಒಳಗೆ ಹುಡುಗರು ಉಣ್ಣುತ್ತಿದ್ದದ್ದು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಅದು ಮೆನುವಿಗೆ ಬರಲಿಲ್ಲ. ಆದರೆ ಇಲ್ಲಿ ಗಲ್ಲಾದಲ್ಲಿ ಕೂತವರು ನಮ್ಮವರೇ. ನೆಗ್ರಿಲ್‌ನ ಆ ಹೋಟೆಲಿನ ಮಾಲೀಕರು ಬೇರೆ ದೇಶದವರಂತೆ. ಮೆನು ಕೂಡ ಅಲ್ಲಿಂದಲೇ ಬರುತ್ತದಂತೆ.